ಭೌತಶಾಸ್ತ್ರವೋ ರಸಾಯನಶಾಸ್ತ್ರವೋ: ಪಿಯುಸಿ ನಂತರದ ದಾರಿಗಳ ಬಗ್ಗೆ ಅನುಭವ ಉಳ್ಳವರು ದಯವಿಟ್ಟು ತಿಳಿಸಿ

ಅರಸೀಕೆರೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆ ತಾಲ್ಲೂಕಿನವಳು, ಈಗ ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಸಿಇಟಿ ಬರೆದು ಎಂಜಿನಿಯರಿಂಗ್ ಸೇರಬೇಕೆಂಬುದು ಮನೆಯವರ ಆಸೆ. ನನ್ನ ಮನಸ್ಸು ಮಾತ್ರ ಪ್ರಯೋಗಾಲಯದಲ್ಲಿದೆ. ಪರ್ಮ್ಯಾಂಗನೇಟ್ ಟೈಟ್ರೇಷನ್ ಮಾಡುವಾಗ ಬ್ಯೂರೆಟ್ಟಿನ ಕೊನೆಯ ಒಂದು ಹನಿಗೆ ಇಡೀ ದ್ರಾವಣ ತಿಳಿ ಗುಲಾಬಿಗೆ ತಿರುಗಿ ಹಾಗೆಯೇ ನಿಲ್ಲುವುದನ್ನು ನೋಡಿದಾಗ ಆಗುವ ಸಂತೋಷವೇ, ಮೀಟರ್ ಬ್ರಿಡ್ಜಿನ ತಂತಿಯ ಮೇಲೆ ಜಾಕಿ ಸರಿಸುತ್ತ ಹೋಗಿ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬಂದು ಕುಳಿತಾಗಲೂ ಆಗುತ್ತದೆ. ಹೀಗಾಗಿ ಎರಡರಲ್ಲಿ ಯಾವುದೆಂದು ನನಗೇ ತೀರ್ಮಾನಿಸಲು ಆಗುತ್ತಿಲ್ಲ.

ಮೊನ್ನೆ ಅಪ್ಪ, "ಬಿ.ಎಸ್ಸಿ. ಮಾಡಿದವರು ಯಾರು, ಎಲ್ಲಿ, ಏನು ಕೆಲಸದಲ್ಲಿದ್ದಾರೆ, ನಾಲ್ಕು ಜನರನ್ನು ತೋರಿಸು, ಆಮೇಲೆ ಮಾತಾಡೋಣ" ಎಂದರು. ಬಯ್ದು ಹೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು. ನನಗೆ ಒಬ್ಬರನ್ನೂ ತೋರಿಸಲಾಗಲಿಲ್ಲ. ನಮ್ಮ ಊರಲ್ಲಿ ಬಿ.ಎಸ್ಸಿ. ಮಾಡಿದವರೆಂದರೆ ಶಾಲೆಯ ಮೇಷ್ಟ್ರು ಮಾತ್ರ. ಆದ್ದರಿಂದ ಈ ಎರಡು ವಿಷಯಗಳನ್ನು ಓದಿ ಕೆಲಸದಲ್ಲಿರುವವರು ತಮ್ಮ ದಾರಿಯನ್ನು ಬರೆದರೆ ಅದನ್ನು ಅಪ್ಪನಿಗೆ ಓದಿ ಹೇಳುತ್ತೇನೆ.

ಧಾರವಾಡದ ನಿವೃತ್ತ ಉಪನ್ಯಾಸಕ, ಭೌತಶಾಸ್ತ್ರ

ತಂಗಿ, ನಿನ್ನ ಅಪ್ಪ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಪಾಠ ಮಾಡಿದ ನಾನು ಮೊದಲಿಗೆ ನಿನ್ನ ಅರ್ಧ ಚಿಂತೆಯನ್ನು ಇಳಿಸಿಬಿಡುತ್ತೇನೆ. ಭೌತಶಾಸ್ತ್ರವೋ ರಸಾಯನಶಾಸ್ತ್ರವೋ ಎಂಬುದನ್ನು ನೀನು ಈಗಲೇ ತೀರ್ಮಾನಿಸಬೇಕಾಗಿಲ್ಲ. ಆ ತೀರ್ಮಾನವನ್ನು ಮೂರು ವರ್ಷ ಮುಂದೂಡಲು ಅವಕಾಶ ಕೊಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಬಹಳ ಹಿಂದಿನಿಂದಲೂ ಇದೆ.

ಕರ್ನಾಟಕದ ಬಿ.ಎಸ್ಸಿ. ಎಂದರೆ ಮೂರು ಮುಖ್ಯ ವಿಷಯಗಳ ಜೋಡಣೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತ್ತು; 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ, ಮೂರು ವಿಷಯಗಳ ಪದ್ಧತಿಗೆ ಹಿಂದಿರುಗಿತು. ಇದರಲ್ಲಿ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಂಡವರಿಗೆ ಎರಡೂ ಬಾಗಿಲು ತೆರೆದಿರುತ್ತವೆ. ಗಣಿತ ಕಷ್ಟವೆಂದು ಹೆದರಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಸೇರಿದವರಿಗೆ ಭೌತಶಾಸ್ತ್ರದ ಎಂ.ಎಸ್ಸಿ. ದಾರಿ ಅಲ್ಲಿಗೇ ಮುಚ್ಚುತ್ತದೆ. ಕಂಪ್ಯೂಟರ್ ಇರಲೆಂದು ಪಿಎಂಸಿಎಸ್ (ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ಸೇರಿದವರಿಗೆ ರಸಾಯನಶಾಸ್ತ್ರದ್ದು ಮುಚ್ಚುತ್ತದೆ. ಪ್ರತಿ ವರ್ಷ ಐದನೇ ಸೆಮಿಸ್ಟರಿನಲ್ಲಿ ಯಾರಾದರೂ ವಿದ್ಯಾರ್ಥಿ ಬಂದು "ಸರ್, ನನಗೆ ಈಗ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಬೇಕೆನಿಸಿದೆ" ಎಂದು ನಿಲ್ಲುತ್ತಿದ್ದರು, ಅವರ ಅಂಕಪಟ್ಟಿಯಲ್ಲಿ ಕೆಮಿಸ್ಟ್ರಿಯೇ ಇರುತ್ತಿರಲಿಲ್ಲ. ಆ ಮುಖಗಳು ನನಗೆ ಇನ್ನೂ ನೆನಪಿವೆ. ನೀನು ಪಿಸಿಎಂ ಹಿಡಿ. ರಸಾಯನಶಾಸ್ತ್ರಕ್ಕೇ ಹೋಗುವುದಾದರೂ ಗಣಿತ ಇರಲಿ, ಏಕೆಂದರೆ ಕೆಲವು ಐಐಟಿಗಳು ರಸಾಯನಶಾಸ್ತ್ರದ ಎಂ.ಎಸ್ಸಿ.ಗೂ ಪದವಿಯಲ್ಲೋ ಪಿಯುಸಿಯಲ್ಲೋ ಗಣಿತ ಓದಿರಬೇಕೆಂದು ಕೇಳುತ್ತವೆ.

ಎರಡನೆಯ ಮಾತು. ಮೂರು ವರ್ಷದ ಬಿ.ಎಸ್ಸಿ. ಒಂದನ್ನೇ ಹಿಡಿದುಕೊಂಡು ನಿಂತರೆ ಸಿಗುವ ಕೆಲಸ ಕಡಿಮೆ, ಸಂಬಳವೂ ಕಡಿಮೆ. ಇದನ್ನು ಮುಚ್ಚಿಟ್ಟು ನಿನ್ನ ಅಪ್ಪನನ್ನು ಒಪ್ಪಿಸುವುದು ನನಗೆ ಬೇಡ. ಪದವಿ ಸೇರುವ ದಿನವೇ ಅದರ ಮುಂದಿನ ಹೆಜ್ಜೆ ಯಾವುದೆಂದು ಮನೆಯಲ್ಲಿ ಮಾತಾಗಿರಬೇಕು. ಆ ಹೆಜ್ಜೆ ಎಂ.ಎಸ್ಸಿ. ಆಗಿರಬಹುದು, ಬಿ.ಎಡ್. ಆಗಿರಬಹುದು, ಕೆಳಗೆ ಬೇರೆಯವರು ಹೇಳಬಹುದಾದ ಇನ್ನಾವುದೋ ತರಬೇತಿ ಆಗಿರಬಹುದು. ಲೆಕ್ಕ ಹಾಕುವಾಗ ಎಂಜಿನಿಯರಿಂಗ್‌ನ ನಾಲ್ಕು ವರ್ಷಕ್ಕೆ ಬಿ.ಎಸ್ಸಿ.ಯ ಮೂರನ್ನು ಹೋಲಿಸಬಾರದು, ಐದು ವರ್ಷವೆಂದೇ ಹಿಡಿಯಬೇಕು.

ಯೇರ್ಪೇಡಿನಿಂದ, ಬಿಎಸ್-ಎಂಎಸ್ ನಾಲ್ಕನೇ ವರ್ಷ

ನಾನು ಚಿತ್ರದುರ್ಗ ಜಿಲ್ಲೆಯವನು, ಈಗ ತಿರುಪತಿಯ ಐಸರ್‌ನಲ್ಲಿ ಓದುತ್ತಿದ್ದೇನೆ. ಐಸರ್ ಎಂದರೆ ವಿಜ್ಞಾನ ಶಿಕ್ಷಣಕ್ಕೂ ಸಂಶೋಧನೆಗೂ ಕೇಂದ್ರ ಸರ್ಕಾರ ತೆರೆದಿರುವ ಸಂಸ್ಥೆಗಳು. ಪುಣೆ ಮತ್ತು ಕೋಲ್ಕತ್ತಾದಲ್ಲಿ 2006ರಲ್ಲಿ ಆರಂಭವಾದವು, ನಂತರ ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬರ್ಹಾಂಪುರ ಸೇರಿ ಈಗ ಒಟ್ಟು 7 ಇವೆ. ಐದು ವರ್ಷ ಓದಿದರೆ ಬಿ.ಎಸ್. ಮತ್ತು ಎಂ.ಎಸ್. ಎರಡೂ ಪದವಿ ಸಿಗುತ್ತವೆ. ಮೇಲೆ ಸರ್ ಹೇಳಿದ 'ಮುಂದೂಡುವ ಅವಕಾಶ' ಇಲ್ಲಿಯೂ ಇದೆ. ಆರಂಭದ ವರ್ಷಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಎಲ್ಲವನ್ನೂ ಎಲ್ಲರೂ ಓದಿ, ಆಮೇಲೆ ಒಂದನ್ನು ಆರಿಸಿಕೊಳ್ಳುತ್ತಾರೆ. ನಾನು ಜೀವಶಾಸ್ತ್ರವೆಂದು ಬಂದವನು ಭೌತ ರಸಾಯನಶಾಸ್ತ್ರದಲ್ಲಿ (ಫಿಸಿಕಲ್ ಕೆಮಿಸ್ಟ್ರಿ) ನಿಂತಿದ್ದೇನೆ.

ಪ್ರವೇಶಕ್ಕೆ ಐಎಟಿ ಎಂಬ ಪರೀಕ್ಷೆ ಇದೆ. ನಾಲ್ಕೂ ವಿಷಯಗಳಿಂದ ತಲಾ 15ರಂತೆ 60 ಪ್ರಶ್ನೆ, ಒಟ್ಟು 240 ಅಂಕ, ಮೂರು ಗಂಟೆ. ಪಿಸಿಎಂಬಿ ಓದಿದ ನಮ್ಮ ರಾಜ್ಯದ ಮಕ್ಕಳಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಜೆಇಇಗೆ ಮಾತ್ರ ಓದಿದವರು ಜೀವಶಾಸ್ತ್ರವನ್ನೂ ನೀಟ್‌ಗೆ ಮಾತ್ರ ಓದಿದವರು ಗಣಿತವನ್ನೂ ಮುಟ್ಟಿರುವುದಿಲ್ಲ. ಪಿಯುಸಿಯಲ್ಲಿ ಶೇ. 60 ಬಂದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಸಂಶೋಧನಾ ಪದವಿಗೂ ಐಎಟಿ ಅಂಕವನ್ನು ಪರಿಗಣಿಸುತ್ತದೆ, ಆದರೆ ಅಲ್ಲಿ ಸೀಟುಗಳು ಬಹಳ ಕಡಿಮೆ. ಭುವನೇಶ್ವರದ ನೈಸರ್ ಮತ್ತು ಮುಂಬೈನ ಸಿಇಬಿಎಸ್ ಎಂಬ ವಿಜ್ಞಾನ ಸಂಸ್ಥೆಗಳಿಗೆ ನೆಸ್ಟ್ ಎಂಬ ಬೇರೆ ಪರೀಕ್ಷೆ.

ನಮ್ಮ ಊರಿನ ಪಿಯು ಕಾಲೇಜಿನಲ್ಲಿ ಈ ಪರೀಕ್ಷೆಯ ಹೆಸರನ್ನು ಯಾರೂ ಕೇಳಿರಲಿಲ್ಲ. ನನಗೆ ತಿಳಿದದ್ದು ಅರ್ಜಿಯ ಕೊನೆಯ ದಿನಕ್ಕೆ ನಾಲ್ಕು ದಿನ ಮುಂಚೆ, ಅದೂ ದೂರದ ಸಂಬಂಧಿಯೊಬ್ಬರ ಮೂಲಕ. ಸಿಇಟಿ ಅರ್ಜಿಯ ಜತೆಗೇ ಇದರ ಅರ್ಜಿಯನ್ನೂ ಹಾಕಿಬಿಡಿ, ದಯವಿಟ್ಟು.

ಹಣದ ವಿಷಯವನ್ನು ನಿಮ್ಮ ಅಪ್ಪನಿಗೆ ಹೇಳಿ. ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ ಬರುತ್ತದೆ, 20,000 ಬೇಸಿಗೆಯ ಸಂಶೋಧನಾ ಯೋಜನೆಗೆ. ದ್ವಿತೀಯ ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನದ ಪದವಿಗೆ ಸೇರಿದವರು ಅರ್ಜಿ ಹಾಕಬಹುದು. ಇದು ಐಸರ್‌ನವರಿಗೆ ಮಾತ್ರ ಮೀಸಲಲ್ಲ. ಸಾಮಾನ್ಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದವರಿಗೂ ಸಿಗುತ್ತದೆ, ಆದರೆ ಎಂಜಿನಿಯರಿಂಗ್ ಸೇರಿದವರಿಗೆ ಸಿಗುವುದಿಲ್ಲ.

ಜಿಗಣಿಯ ಔಷಧ ವಿಶ್ಲೇಷಕ

ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ಕೂಡಲೇ ಕೆಲಸಕ್ಕೆ ಸೇರಿದವನು, ಆದ್ದರಿಂದ ಅಪ್ಪನಿಗೆ ತೋರಿಸುವ ನಾಲ್ವರಲ್ಲಿ ನನ್ನನ್ನೂ ಒಬ್ಬನೆಂದು ಬರೆದುಕೊಳ್ಳಿ. ಜಿಗಣಿ, ಬೊಮ್ಮಸಂದ್ರ, ಪೀಣ್ಯ, ನಂಜನಗೂಡು, ಮಂಗಳೂರಿನ ಬೈಕಂಪಾಡಿ, ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು, ಇಲ್ಲೆಲ್ಲ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ಕಾರ್ಖಾನೆ ಎಂದ ಮೇಲೆ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯ ಇರಲೇಬೇಕು, ಅಲ್ಲಿಗೆ ರಸಾಯನಶಾಸ್ತ್ರ ಓದಿದವರೇ ಬೇಕು.

ಕೆಲಸ ಹೇಗಿರುತ್ತದೆಂದು ಹೇಳುತ್ತೇನೆ. ಬೆಳಿಗ್ಗೆ ಹೋಗಿ, ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಬೇಕಾದ ದ್ರಾವಣವನ್ನು ತೂಕ, ಅಳತೆ, ಪಿಎಚ್ ಸರಿಯಾಗಿ ನೋಡಿ ಮಾಡಿಕೊಂಡು, ಸೋಸಿ, ಅದರಲ್ಲಿನ ಗಾಳಿಯ ಗುಳ್ಳೆ ತೆಗೆದು, ಯಂತ್ರದ ಕಾಲಂ ಎಂಬ ಕೊಳವೆಯ ಮೂಲಕ ಹರಿಯಲು ಬಿಟ್ಟು, ಪರದೆಯ ಮೇಲಿನ ಗೆರೆ ಅಲುಗಾಡದೆ ಮಟ್ಟಸವಾಗುವವರೆಗೆ ಕಾಯಬೇಕು. ಆಮೇಲೆ ಪ್ರಮಾಣಿತ ಮಾದರಿಯನ್ನು ಆರು ಸಲ ಹಾಕಿ, ಆರೂ ಫಲಿತಾಂಶಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಶೇ. 2ಕ್ಕಿಂತ ಕಡಿಮೆ ಇದ್ದರೆ ಮಾತ್ರ ನಿಜವಾದ ಮಾತ್ರೆಯ ಮಾದರಿಗೆ ಕೈ ಹಾಕುವುದು. ಮಾಡಿದ್ದನ್ನೆಲ್ಲ ಆಗಿಂದಾಗಲೇ ಪೆನ್ನಿನಲ್ಲಿ ಬರೆಯಬೇಕು. ತಪ್ಪಾದರೆ ಬಿಳಿ ಬಣ್ಣ ಬಳಿಯುವಂತಿಲ್ಲ, ತಪ್ಪು ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮತ್ತು ದಿನಾಂಕ ಹಾಕಬೇಕು. ಕಾಲೇಜಿನಲ್ಲಿ ರೆಕಾರ್ಡ್ ಪುಸ್ತಕವನ್ನು ಗೆಳೆಯನದು ನೋಡಿ ತುಂಬಿಸಿದ ಅಭ್ಯಾಸದವರು ಇಲ್ಲಿ ಮೊದಲ ಆರು ತಿಂಗಳು ಬಹಳ ಒದ್ದಾಡುತ್ತಾರೆ. ನಾನೂ ಒದ್ದಾಡಿದೆ.

ಸಂಬಳದ ಏರಿಕೆ ಬಿ.ಎಸ್ಸಿ.ಯವರಿಗೆ ನಿಧಾನ. ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ನನ್ನ ಪಕ್ಕದ ಬೆಂಚಿಗೆ ಹೊಸದಾಗಿ ಬಂದ ಎಂ.ಎಸ್ಸಿ. ಹುಡುಗಿಯ ಸಂಬಳ ನನ್ನದಕ್ಕಿಂತ ಹೆಚ್ಚಿತ್ತು. ಆಗ ನಾನು ರಜೆ ಹಾಕದೆ ದೂರಶಿಕ್ಷಣದಲ್ಲಿ ಎಂ.ಎಸ್ಸಿ. ಮಾಡಿಕೊಂಡೆ, ಆದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ವರ್ಷ ಕಳೆದವರಿಗೆ ಸಿಗುವ ಕೈಚಳಕ ಅದರಲ್ಲಿ ಬರುವುದಿಲ್ಲ. ಎಂ.ಎಸ್ಸಿ. ಮಾಡುವುದಾದರೆ ಯಾವ ವಿಭಾಗ ಎಂಬುದೂ ಮುಖ್ಯ. ಔಷಧ ಸಂಶೋಧನೆಯ ಕಂಪನಿಗಳು ಹೊಸ ಅಣುಗಳನ್ನು ತಯಾರಿಸುವ ಕೆಲಸಕ್ಕೆ ಸಾವಯವ ರಸಾಯನಶಾಸ್ತ್ರದವರನ್ನೂ, ಪರೀಕ್ಷಿಸುವ ಕೆಲಸಕ್ಕೆ ವಿಶ್ಲೇಷಣಾ ರಸಾಯನಶಾಸ್ತ್ರದವರನ್ನೂ ಹುಡುಕುತ್ತವೆ. ನಿರವಯವ ಮತ್ತು ಭೌತ ರಸಾಯನಶಾಸ್ತ್ರದವರಿಗೆ ಈ ಉದ್ಯಮದಲ್ಲಿ ಬಾಗಿಲು ಕಿರಿದು, ಅವರಿಗೆ ಬ್ಯಾಟರಿ, ಬಣ್ಣ, ಲೇಪನ, ಸಂಶೋಧನಾ ಸಂಸ್ಥೆಗಳ ಕಡೆ ಹೆಚ್ಚು ಅವಕಾಶ.

ಒಬ್ಬ ಹುಡುಗಿಯ ತಂದೆ, ಶಿರಾ

ಮೇಲಿನವರಿಗೆ ಒಂದು ಪ್ರಶ್ನೆ. ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಇರುತ್ತದೆಯೇ? ದ್ರಾವಕಗಳ ವಾಸನೆಯಿಂದ ಆರೋಗ್ಯಕ್ಕೆ ತೊಂದರೆ ಇಲ್ಲವೇ?

ಜಿಗಣಿಯ ಔಷಧ ವಿಶ್ಲೇಷಕ

ಪಾಳಿ ಇರುತ್ತದೆ ಸರ್, ಆದರೆ ಎಲ್ಲ ಕಡೆ ಒಂದೇ ರೀತಿ ಇಲ್ಲ. ಉತ್ಪಾದನೆಗೆ ಅಂಟಿಕೊಂಡ ಗುಣಮಟ್ಟ ವಿಭಾಗದಲ್ಲಿ ಹೆಚ್ಚು, ಸಂಶೋಧನಾ ಪ್ರಯೋಗಾಲಯದಲ್ಲಿ ಬಹುಪಾಲು ಹಗಲು ಕೆಲಸವೇ. ನಮ್ಮ ತಂಡದ ಹುಡುಗಿಯರಿಗೆ ಮನೆಬಾಗಿಲಿನವರೆಗೆ ವಾಹನ ಬರುತ್ತದೆ. ದ್ರಾವಕಗಳೊಂದಿಗೆ ಕೆಲಸವೆಲ್ಲ ಆವಿಯನ್ನು ಹೊರಗೆ ಎಳೆದುಕೊಳ್ಳುವ ಗಾಜಿನ ಗೂಡಾದ ಫ್ಯೂಮ್ ಹುಡ್ ಒಳಗೇ ನಡೆಯಬೇಕು. ಸಂದರ್ಶನಕ್ಕೆ ಹೋದ ದಿನ ಪ್ರಯೋಗಾಲಯ ತೋರಿಸಿ ಎಂದು ಕೇಳಿ. ಹುಡ್ಡಿನ ಗಾಜು ಅರ್ಧಕ್ಕೆ ಇಳಿಸಿ ಕೆಲಸ ಮಾಡುತ್ತಿದ್ದಾರೆಯೇ, ಎಲ್ಲರೂ ಕನ್ನಡಕ ಹಾಕಿದ್ದಾರೆಯೇ ಎಂಬ ಎರಡನ್ನು ನೋಡಿದರೆ ಆ ಸ್ಥಳದ ಶಿಸ್ತು ತಿಳಿದುಬಿಡುತ್ತದೆ.

ಅತಿಥಿ ಉಪನ್ಯಾಸಕಿ

ಬೋಧನೆಯ ದಾರಿಯ ಬಗ್ಗೆ ಯಾರಾದರೂ ನೇರವಾಗಿ ಹೇಳಬೇಕು, ನಾನೇ ಹೇಳುತ್ತೇನೆ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಾಲೇಜು ಬೋಧನೆಯ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಪಾಸು ಮಾಡಿ, 8 ವರ್ಷಗಳಿಂದ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಕಾಯಂ ಉಪನ್ಯಾಸಕರು ಮಾಡುವ ಪಾಠವನ್ನೇ ಮಾಡುತ್ತೇನೆ, ಆದರೆ ಸೆಮಿಸ್ಟರ್ ಮುಗಿದ ದಿನ ನನ್ನ ಕೆಲಸವೂ ಮುಗಿಯುತ್ತದೆ, ಮತ್ತೆ ಕೌನ್ಸೆಲಿಂಗ್‌ಗೆ ಕಾಯಬೇಕು. ರಾಜ್ಯದಲ್ಲಿ ನನ್ನಂತೆ ಸಾವಿರಾರು ಜನ ಇದ್ದಾರೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂ.ಎಸ್ಸಿ.ಯಲ್ಲಿ ಶೇ. 55 ಮತ್ತು ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಬೇಕು, ಇಲ್ಲವೇ ಪಿಎಚ್.ಡಿ. ಬೇಕು. ಈ ಅರ್ಹತೆ ಇದ್ದರೂ ನೇಮಕಾತಿ ಪ್ರಕಟಣೆಗಳು ಹಲವು ವರ್ಷಕ್ಕೊಮ್ಮೆ ಬರುತ್ತವೆ ಎಂಬುದು ಲೆಕ್ಕದಲ್ಲಿರಲಿ.

ಹಾಗೆಂದು ಬೋಧನೆಯೇ ಬೇಡ ಎನ್ನುವುದಿಲ್ಲ. ಪಾಠ ಮಾಡುವುದು ನನಗೆ ಈಗಲೂ ಬಹಳ ಇಷ್ಟ, ಅದಕ್ಕೇ ಉಳಿದಿದ್ದೇನೆ. ಆದರೆ ಶಾಲಾ ಶಿಕ್ಷಕ ಹುದ್ದೆಗಳು ಮತ್ತು ಪಿಯು ಉಪನ್ಯಾಸಕ ಹುದ್ದೆಗಳು ಹೆಚ್ಚು ಸಂಖ್ಯೆಯಲ್ಲಿ ಕರೆಯಲ್ಪಡುತ್ತವೆ, ಅವೆರಡಕ್ಕೂ ಬಿ.ಎಡ್. ಬೇಕು. ನಾನು "ಕಾಲೇಜು ಉಪನ್ಯಾಸಕಿಯಾಗುವವಳಿಗೆ ಬಿ.ಎಡ್. ಏಕೆ" ಎಂದು ಬಿಟ್ಟೆ. ಈಗ ಮೂವತ್ತೆರಡನೇ ವಯಸ್ಸಿನಲ್ಲಿ ಸಂಜೆಯ ಹೊತ್ತು ಅದನ್ನು ಮಾಡುತ್ತಿದ್ದೇನೆ.

ಬೋಧನೆಯೇ ಗುರಿ ಎಂದು ಹುಡುಗಿಗೆ ಈಗಲೇ ಅನ್ನಿಸಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ನೋಡಲಿ. ಎನ್‌ಸಿಇಆರ್‌ಟಿಗೆ ಸೇರಿದ ಈ ಸಂಸ್ಥೆ 1963ರಿಂದ ಇದೆ. ಬಿ.ಎಸ್ಸಿ. ಮೂರು ವರ್ಷ, ಆಮೇಲೆ ಬಿ.ಎಡ್. ಎರಡು ವರ್ಷ ಎಂದು ಐದು ವರ್ಷ ಹಿಡಿಯುವುದನ್ನು ಅಲ್ಲಿ ಸಂಯೋಜಿತ ಕೋರ್ಸಿನಲ್ಲಿ ನಾಲ್ಕೇ ವರ್ಷದಲ್ಲಿ ಮುಗಿಸಬಹುದು. ಪ್ರವೇಶಕ್ಕೆ ರಾಷ್ಟ್ರಮಟ್ಟದ ಎನ್‌ಸಿಇಟಿ ಪರೀಕ್ಷೆ ಬರೆಯಬೇಕು.

ಆಸ್ಪತ್ರೆಯ ಭೌತವಿಜ್ಞಾನಿ, ಬೆಂಗಳೂರು

ಭೌತಶಾಸ್ತ್ರ ಓದಿದವರು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ ಎಂಬುದು ನಮ್ಮ ನೆಂಟರಿಗೆ ಇಂದಿಗೂ ಅರ್ಥವಾಗಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೋಗಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರಕ್ಕೆ ಲೀನಿಯರ್ ಆಕ್ಸಿಲರೇಟರ್ ಎನ್ನುತ್ತಾರೆ. ಎಷ್ಟು ವಿಕಿರಣ, ಎಲ್ಲಿಗೆ ಎಂದು ವೈದ್ಯರು ನಿರ್ಧರಿಸುತ್ತಾರೆ. ಅಷ್ಟೇ ಪ್ರಮಾಣ, ಅದೇ ಜಾಗಕ್ಕೆ ತಲುಪುವಂತೆ ಯೋಜನೆ ಮಾಡುವುದು, ಯಂತ್ರ ನಿಜವಾಗಿಯೂ ಅಷ್ಟನ್ನೇ ಕೊಡುತ್ತಿದೆಯೇ ಎಂದು ಅಳೆಯುವುದು ನಮ್ಮ ಕೆಲಸ. ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಯಂತ್ರದ ಹೊಮ್ಮುವಿಕೆಯನ್ನು ಪರೀಕ್ಷಿಸುತ್ತೇವೆ. ಅದು ನಿಗದಿತ ಮಟ್ಟದಿಂದ ಶೇ. 3ಕ್ಕಿಂತ ಹೆಚ್ಚು ಆಚೀಚೆ ಆಗಿದ್ದರೆ ಆ ದಿನ ಚಿಕಿತ್ಸೆ ಆರಂಭಿಸುವಂತಿಲ್ಲ.

ನಿಖರವಾಗಿ ಅಳೆಯಲು ಬಳಸುವ ಅಯಾನು ಕೋಶದೊಳಗೆ ಇರುವುದು ಬರೀ ಗಾಳಿ. ವಿಕಿರಣ ಆ ಗಾಳಿಯನ್ನು ಅಯಾನೀಕರಿಸಿದಾಗ ಹುಟ್ಟುವ ವಿದ್ಯುದಂಶವನ್ನು ಎಣಿಸುತ್ತೇವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಸಮುದ್ರತೀರಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ, ಕೋಶದಲ್ಲಿರುವ ಗಾಳಿಯೂ ಅಷ್ಟು ತೆಳು. ಆದ್ದರಿಂದ ಕೋಶ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ. ಅದನ್ನು ತಿದ್ದದೆ ನಂಬಿ, ಯಂತ್ರ ಕಡಿಮೆ ಕೊಡುತ್ತಿದೆ ಎಂದುಕೊಂಡು ಹೊಮ್ಮುವಿಕೆಯನ್ನು ಏರಿಸಿದರೆ ರೋಗಿಗೆ ಶೇ. 10ರಷ್ಟು ಹೆಚ್ಚು ವಿಕಿರಣ ಬೀಳುತ್ತದೆ. ತಿದ್ದುವ ಸೂತ್ರ ಬೇರೇನೂ ಅಲ್ಲ, ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ನೀನು ಓದಿದ ಅನಿಲ ನಿಯಮವೇ. ಒತ್ತಡಮಾಪಕ, ಉಷ್ಣಮಾಪಕ ನೋಡಿ ಅದನ್ನು ಬರೆಯುವಾಗಲೆಲ್ಲ ನನಗೆ ನಮ್ಮ ಪಿಯು ಕಾಲೇಜಿನ ಮೇಡಂ ನೆನಪಾಗುತ್ತಾರೆ.

ದಾರಿ ಹೀಗಿದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ನಂತರ ಎಂ.ಎಸ್ಸಿ. ಭೌತಶಾಸ್ತ್ರ, ಅದಾದ ಮೇಲೆ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸುವ ವಿಕಿರಣ ಭೌತಶಾಸ್ತ್ರದ ಒಂದು ವರ್ಷದ ಡಿಪ್ಲೊಮಾ. ಇಲ್ಲವೇ ನೇರವಾಗಿ ವೈದ್ಯಕೀಯ ಅಥವಾ ವಿಕಿರಣ ಭೌತಶಾಸ್ತ್ರದಲ್ಲೇ ಎಂ.ಎಸ್ಸಿ.; ನಮ್ಮ ರಾಜ್ಯದಲ್ಲಿ ಕಿದ್ವಾಯಿ ಸಂಸ್ಥೆ ಮತ್ತು ಮಣಿಪಾಲದಲ್ಲಿ ಇಂಥ ಕೋರ್ಸುಗಳಿವೆ. ಬಳಿಕ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಒಂದು ವರ್ಷದ ಇಂಟರ್ನ್‌ಷಿಪ್. ಅರ್ಹತೆಯನ್ನು ನಿಗದಿಪಡಿಸುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅರ್ಹ ಭೌತವಿಜ್ಞಾನಿ ಇಲ್ಲದೆ ವಿಕಿರಣ ಚಿಕಿತ್ಸೆ ನಡೆಸಲು ಯಾವ ಆಸ್ಪತ್ರೆಗೂ ಅನುಮತಿ ಇಲ್ಲ, ಹೀಗಾಗಿ ಹೊಸ ಕ್ಯಾನ್ಸರ್ ಕೇಂದ್ರ ತೆರೆದಲ್ಲೆಲ್ಲ ನಮ್ಮವರು ಬೇಕಾಗುತ್ತಾರೆ. ಸೀಟುಗಳು ಕಡಿಮೆ ಇರುವುದರಿಂದ ಎಂ.ಎಸ್ಸಿ.ಯಲ್ಲಿ ಶೇ. 60ಕ್ಕಿಂತ ಮೇಲೆ ಇರಿಸಿಕೊಳ್ಳುವುದು ಅಗತ್ಯ.

ಕಾರವಾರದವನು

ಬಿ.ಎಸ್ಸಿ. ಮುಗಿದ ಕೂಡಲೇ ಸರ್ಕಾರಿ ವಲಯದ ಕೆಲಸ ಬೇಕೆನ್ನುವವರಿಗೆ ಒಂದು ದಾರಿ. ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಪರಮಾಣು ಘಟಕಗಳಿವೆ, ಮೊದಲ ಘಟಕ 962 ದಿನ ನಿಲ್ಲದೆ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿತು. ಅದನ್ನು ನಡೆಸುವ ಪರಮಾಣು ವಿದ್ಯುತ್ ನಿಗಮ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಶೇ. 60 ಪಡೆದ ಬಿ.ಎಸ್ಸಿ. ಪದವೀಧರರನ್ನು ಆಗಾಗ ವೇತನಸಹಿತ ತರಬೇತಿಗೆ ಆರಿಸುತ್ತದೆ. 18 ತಿಂಗಳ ತರಬೇತಿ ಮುಗಿಸಿದವರು ವೈಜ್ಞಾನಿಕ ಸಹಾಯಕರಾಗುತ್ತಾರೆ. ನಾನು ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿದ್ದೇನೆ. ಭಾರಜಲದ ಶುದ್ಧತೆ, ಕೊಳವೆಗಳಲ್ಲಿ ಹರಿಯುವ ನೀರಿನ ಪಿಎಚ್ ಮತ್ತು ಅದರಲ್ಲಿ ಕರಗಿದ ಆಮ್ಲಜನಕ ಇವುಗಳನ್ನು ದಿನವೂ ಅಳೆಯುತ್ತೇವೆ. ವಯೋಮಿತಿ ಕಡಿಮೆ, ಆದ್ದರಿಂದ ಪದವಿಯ ಕೊನೆಯ ವರ್ಷದಿಂದಲೇ ಪ್ರಕಟಣೆ ಗಮನಿಸುತ್ತಿರಬೇಕು. ಎಂ.ಎಸ್ಸಿ. ಮಾಡಿದವರಿಗೆ ಇದಕ್ಕಿಂತ ಮೇಲಿನ ದಾರಿ ಭಾಭಾ ಕೇಂದ್ರದ ತರಬೇತಿ ಶಾಲೆ. 1957ರಿಂದ ನಡೆಯುತ್ತಿರುವ ಅಲ್ಲಿ ಆಯ್ಕೆಯಾದವರು ಒಂದು ವರ್ಷ ಕಲಿತು ವಿಜ್ಞಾನಿಗಳಾಗಿ ಸೇರುತ್ತಾರೆ.

ಅರಸೀಕೆರೆಯ ವಿದ್ಯಾರ್ಥಿನಿ

ಇಷ್ಟೆಲ್ಲ ಬರೆದಿದ್ದಕ್ಕೆ ಬಹಳ ಧನ್ಯವಾದಗಳು. ನಿನ್ನೆ ರಾತ್ರಿ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಆಸ್ಪತ್ರೆಯ ವಿಷಯ ಬಂದಾಗ ಎರಡನೇ ಸಲ ಓದಿಸಿದರು. ಅಪ್ಪನ ಪ್ರಶ್ನೆ: ಇಸ್ರೊಗೆ ಹೋಗಲು ಭೌತಶಾಸ್ತ್ರ ಓದಬೇಕೋ ಎಂಜಿನಿಯರಿಂಗ್ ಓದಬೇಕೋ? ನನ್ನ ಪ್ರಶ್ನೆ: ಜೆಎಎಂ ಎಂದರೆ ಏನು, ಸಾಮಾನ್ಯ ಕಾಲೇಜಿನಲ್ಲಿ ಓದಿ ಅದನ್ನು ಬರೆಯಲು ಆಗುತ್ತದೆಯೇ?

ಧಾರವಾಡದ ನಿವೃತ್ತ ಉಪನ್ಯಾಸಕ, ಭೌತಶಾಸ್ತ್ರ

ಇಸ್ರೊ ವಿಜ್ಞಾನಿ ಹುದ್ದೆಗಳಿಗೆ ಹೆಚ್ಚಾಗಿ ಆರಿಸುವುದು ಎಂಜಿನಿಯರಿಂಗ್ ಪದವೀಧರರನ್ನೇ. ರಾಕೆಟ್, ಉಪಗ್ರಹ ಕಟ್ಟುವುದೇ ಆಸೆಯಾದರೆ ಎಂಜಿನಿಯರಿಂಗ್ ಸರಿ. ಆದರೆ ಉಪಗ್ರಹ ಮೇಲೆ ಹೋಗಿ ಏನನ್ನು ನೋಡಬೇಕೆಂದು ಕೇಳುವವರು, ಅದಕ್ಕೆ ಬೇಕಾದ ಉಪಕರಣ ರೂಪಿಸುವವರು ಭೌತವಿಜ್ಞಾನಿಗಳು. 2023ರ ಸೆಪ್ಟೆಂಬರ್‌ನಲ್ಲಿ ಹಾರಿದ ಆದಿತ್ಯ-ಎಲ್1ರ ಪ್ರಧಾನ ಉಪಕರಣವಾದ ಸೂರ್ಯನ ಹೊರ ವಾತಾವರಣವನ್ನು ನೋಡುವ ಕರೋನಾಗ್ರಾಫನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಲ್ಲಿ ಜೋಡಿಸಿತು. 2024ರ ಜನವರಿ 1ರಂದು ಹೋದ ಎಕ್ಸ್‌ಪೋಸ್ಯಾಟ್‌ನ ಕ್ಷ-ಕಿರಣ ಉಪಕರಣವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿತು. ಈ ಎರಡೂ ಸಂಸ್ಥೆಗಳಿಗೆ ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸಿ, ಜೆಸ್ಟ್ ಅಥವಾ ನೆಟ್‌ನಂಥ ಪರೀಕ್ಷೆಯ ಮೂಲಕ ಪಿಎಚ್.ಡಿ.ಗೆ ಸೇರಬಹುದು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರು ಓದಿದ್ದು ಭೌತಶಾಸ್ತ್ರ, ಮಾಡಿದ್ದು ವಿಶ್ವಕಿರಣಗಳ ಸಂಶೋಧನೆ. ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿಸಿ 1975ರಲ್ಲಿ ಹಾರಿಸಿದವರು ಅವರೇ. ಕಾಲ ಬದಲಾಗಿದೆ, ನೇಮಕಾತಿಯೂ ಬದಲಾಗಿದೆ, ಆದರೂ ಅಪ್ಪನಿಗೆ ಇದನ್ನು ಹೇಳು.

ಇನ್ನು ಜೆಎಎಂ. ಐಐಟಿಗಳಲ್ಲಿ ಎಂ.ಎಸ್ಸಿ. ಸೇರಲು ಬಿ.ಎಸ್ಸಿ.ಯವರು ಬರೆಯುವ ಪರೀಕ್ಷೆ ಇದು. ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ನಡೆಯುತ್ತದೆ, ಮೂರು ಗಂಟೆಗೆ 100 ಅಂಕ, ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಬೇರೆ ಬೇರೆ ಪತ್ರಿಕೆ. ಸುರತ್ಕಲ್‌ನ ಎನ್‌ಐಟಿಯ ಎಂ.ಎಸ್ಸಿ.ಗೂ, ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೂ ಇದರ ಅಂಕ ಬೇಕು. ಸಾಮಾನ್ಯ ಕಾಲೇಜಿನಿಂದ ಹೋಗಲು ಆಗುತ್ತದೆಯೇ ಎಂದರೆ, ನನ್ನ ವಿದ್ಯಾರ್ಥಿಗಳೇ ಹೋಗಿದ್ದಾರೆ. ಹೋದವರಲ್ಲಿ ನಾನು ಕಂಡದ್ದು ಒಂದೇ ಗುಣ. ಪರೀಕ್ಷೆಗೆ ಬರುವ ಪ್ರಶ್ನೆಯಷ್ಟನ್ನೇ ಓದದೆ, ಮೊದಲ ವರ್ಷದಿಂದ ಲೆಕ್ಕ ಬಿಡಿಸುತ್ತಿದ್ದರು, ಪ್ರಯೋಗವನ್ನು ತಾವೇ ಮಾಡುತ್ತಿದ್ದರು. ಸೋಡಿಯಂ ದೀಪದ ಹಳದಿ ಬೆಳಕನ್ನು, ಬಣ್ಣಗಳನ್ನು ಬಿಡಿಸಿ ತೋರಿಸುವ ಗ್ರೇಟಿಂಗ್ ಮೂಲಕ ನೋಡಿದಾಗ ಎಲ್ಲರೂ ಒಂದು ಗೆರೆ ಕಂಡು ಅಳತೆ ಬರೆದು ಹೊರಟುಬಿಡುತ್ತಾರೆ. ಒಬ್ಬ ಹುಡುಗಿ ಮಾತ್ರ ಎರಡನೇ ಕ್ರಮಾಂಕದವರೆಗೆ ದೂರದರ್ಶಕ ತಿರುಗಿಸಿ, ಸೀಳು ಕಿರಿದು ಮಾಡಿ, "ಸರ್, ಎರಡು ಗೆರೆ ಇವೆ" ಎಂದು ಕರೆದಳು. 589.0 ಮತ್ತು 589.6 ನ್ಯಾನೊಮೀಟರ್, ಪುಸ್ತಕದಲ್ಲಿದ್ದುದನ್ನು ಅವಳು ಕಣ್ಣಾರೆ ಕಂಡಳು. ಮುಂದೆ ಅವಳು ಜೆಎಎಂ ಬರೆದು ಹೋದಳು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ. ಪ್ರಯೋಗಾಲಯಕ್ಕೆ ಹೋಗಿ, ಒಂದು ಉಪಕರಣಕ್ಕೆ ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ಗಂಟೆ ಎಂದು ಅಲ್ಲಿಯ ವಿದ್ಯಾರ್ಥಿಗಳನ್ನೇ ಕೇಳು.

ಜರ್ಮನಿಯಿಂದ, ಧಾರವಾಡದ ಹಳೆಯ ವಿದ್ಯಾರ್ಥಿ

ಸರ್ ಅವರ ಬರಹ ನೋಡಿ ಸಂತೋಷವಾಯಿತು. ವಿದೇಶದ ಬಗ್ಗೆ ಎರಡು ಮಾತು. ಮೂರು ವರ್ಷದ ಬಿ.ಎಸ್ಸಿ.ಯ ಮೇಲೆ ನೇರವಾಗಿ ಸ್ನಾತಕೋತ್ತರಕ್ಕೆ ಅರ್ಜಿ ಹಾಕಿದರೆ ಹೊರದೇಶದ ಎಷ್ಟೋ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಎಂ.ಎಸ್ಸಿ.ಯನ್ನು ಭಾರತದಲ್ಲೇ ಮುಗಿಸಿ ಪಿಎಚ್.ಡಿ.ಗೆ ಬರುವುದು ಖರ್ಚಿಲ್ಲದ ದಾರಿ, ಏಕೆಂದರೆ ಇಲ್ಲಿ ಪಿಎಚ್.ಡಿ. ಎಂದರೆ ಬಹುಪಾಲು ಸಂಬಳದ ಉದ್ಯೋಗವೇ. ಭಾರತದಲ್ಲೇ ಮಾಡಿದರೂ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಜತೆಗೆ ಮನೆ ಬಾಡಿಗೆ ಭತ್ಯೆ ಇದೆ. ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ, ಆ ಅವಧಿಯಲ್ಲಿ ಮನೆಗೆ ಹೆಚ್ಚು ಹಣ ಕಳಿಸಲಾಗುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು. ನಾನು ತಿಳಿಸಿರಲಿಲ್ಲ, ಅದರಿಂದ ಮನೆಯಲ್ಲಿ ಬಹಳ ನೋವಾಯಿತು.

ಮಡಿವಾಳದಿಂದ

ಯಾರೂ ಹೇಳದ ಕೆಲವನ್ನು ಸೇರಿಸುತ್ತೇನೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ವಿಷ, ಮಾದಕ ವಸ್ತುಗಳ ಪರೀಕ್ಷೆಗೆ ರಸಾಯನಶಾಸ್ತ್ರದವರು, ಗುಂಡಿನ ಗುರುತು, ಗಾಜು, ಮಣ್ಣಿನ ಪರೀಕ್ಷೆಗೆ ಭೌತಶಾಸ್ತ್ರದವರು ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ, ಕುಡಿಯುವ ನೀರಿನ ಪ್ರಯೋಗಾಲಯಗಳಲ್ಲಿ ರಸಾಯನಶಾಸ್ತ್ರದವರಿಗೆ ಹುದ್ದೆಗಳಿವೆ. ಪೇಟೆಂಟ್ ಕಚೇರಿಯ ಪರೀಕ್ಷಕರ ಹುದ್ದೆಗೆ ಎರಡೂ ವಿಷಯದ ಎಂ.ಎಸ್ಸಿ.ಯವರನ್ನು ಕರೆಯುತ್ತಾರೆ. ಆಹಾರದ ಕಡೆ ಒಲವಿದ್ದರೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಇದೆ.

ಅರಸೀಕೆರೆಯ ವಿದ್ಯಾರ್ಥಿನಿ

ಮನೆಯಲ್ಲಿ ಮಾತುಕತೆ ಆಯಿತು. ಸಿಇಟಿ ಬರೆಯುತ್ತೇನೆ, ಐಎಟಿ ಮತ್ತು ಎನ್‌ಸಿಇಟಿ ಅರ್ಜಿಗಳನ್ನೂ ಹಾಕುತ್ತೇನೆ. ಐಸರ್ ಸಿಗದಿದ್ದರೆ ಪಿಸಿಎಂ ಬಿ.ಎಸ್ಸಿ. ಸೇರಲು ಅಪ್ಪ ಒಪ್ಪಿದ್ದಾರೆ, ಐದು ವರ್ಷವೆಂದೇ ಲೆಕ್ಕ ಹಾಕಿದ್ದಾರೆ. ಬರುವ ಶನಿವಾರ ಇಬ್ಬರೂ ಮೈಸೂರಿಗೆ ಹೋಗಿ ಎರಡು ಕಾಲೇಜುಗಳ ಪ್ರಯೋಗಾಲಯ ನೋಡುತ್ತೇವೆ. ಅಲ್ಲಿ ಯಾರಾದರೂ ಈಗ ಬಿ.ಎಸ್ಸಿ. ಓದುತ್ತಿದ್ದರೆ, ಬೆಳಿಗ್ಗೆ ಎಷ್ಟು ಗಂಟೆಗೆ ಬಂದರೆ ಪ್ರಾಯೋಗಿಕ ತರಗತಿ ನಡೆಯುವುದನ್ನು ನೋಡಬಹುದೆಂದು ತಿಳಿಸುವಿರಾ?